ಎಂಜಿನಿನ ಉಸಿರು-ವಾಲ್ವು ಮತ್ತು ಯಜಮಾನನ ಕರ್ತವ್ಯ

ಎತ್ತು ಮೇವು ಬಿಟ್ಟರೆ ಯಜಮಾನನು ಅದರ ಬಾಯಿ ತೆರೆದು ನೋಡುವನು. ನಾಲಗೆ, ಗೊರಸು, ಉಸಿರು ಇವುಗಳನ್ನು ಪರೀಕ್ಷಿಸಿದ ಮೇಲಲ್ಲದೆ ಅದನ್ನು ಸಂತೆಗೆ ಹೊಡೆಯುವ ಮಾತೆತ್ತುವುದಿಲ್ಲ. ಅದೇ ಯಜಮಾನನ ಮನೆಯ ಮೋಟಾರು ಕಾರು ಎಣ್ಣೆಯನ್ನು ಹೆಚ್ಚಾಗಿ ಕುಡಿಯತೊಡಗಿದರೆ, ಬಾನೆಟ್ಟನ್ನು ಎತ್ತಿ ನೋಡುವ ಗೋಜಿಗೂ ಹೋಗದೆ, ಎಣ್ಣೆಯನ್ನು ಮಾರಿಕೊಂಡನೆಂದು ಡ್ರೈವರನ್ನು ಸಂಶಯಿಸುವನು. ಇಲ್ಲವೆ ಎಂಜಿನನ್ನು ಪೂರ್ತಿಯಾಗಿ ಬಿಚ್ಚಿಸಲು ಪಟ್ಟಣದ ಕಾರ್ಖಾನೆಗೆ ಕಳುಹಿಸುವನು. ಮೊದಲನೆಯದರಿಂದ ಬಡವನೊಬ್ಬನ ಮಾನವೂ ಜೀವನವೂ ಹೋಗುವುವು. ಎರಡನೆಯದರಿಂದ ಒಂದು ಬೆಳೆಯ ಲಾಭವೇ ಕರಗಿಹೋಗಬಹುದು.

ಈ ಎರಡು ಕ್ರಮಗಳಿಗೂ ಮೊದಲು ನೋಡಬೇಕಾದ ಭಾಗವೊಂದು ಪೆಟ್ರೋಲ್ ಎಂಜಿನುಗಳಲ್ಲಿ ಉಂಟು. ಹೆಬ್ಬೆರಳಿನ ಗಾತ್ರದ ಆ ಭಾಗಕ್ಕೆ ಪಿ. ಸಿ. ವಿ. ವಾಲ್ವು ಎಂದು ಹೆಸರು. ಎಂಜಿನಿನ ಕೆಳಪೆಟ್ಟಿಗೆಯಲ್ಲಿ ಸೇರುವ ಕೆಟ್ಟ ಹೊಗೆಯನ್ನು ಹೊರಕ್ಕೆ ಸೆಳೆದು ಉಸಿರಾಡಿಸುವುದೇ ಇದರ ಕೆಲಸವಾದುದರಿಂದ ಉಸಿರು-ವಾಲ್ವು ಎಂದು ಕರೆದರೂ ಸಲ್ಲುವುದು. ಇದನ್ನು ಗುರುತಿಸುವುದನ್ನೂ ಪರೀಕ್ಷಿಸುವುದನ್ನೂ ಗಾಡಿಯ ಯಜಮಾನನು ತಾನೇ ಕಲಿತಿರತಕ್ಕದ್ದು. ಇದು ಹಣದ ಉಳಿತಾಯದ ವಿಷಯವಷ್ಟೇ ಅಲ್ಲ, ನ್ಯಾಯದ ವಿಷಯವೂ ಆಗಿರುವುದು.

ವಾಲ್ವಿನ ಕೆಲಸ

ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗ ಉಂಟಾಗುವ ಒತ್ತಡವು ಪಿಸ್ಟನ್ನನ್ನು ಕೆಳಕ್ಕೆ ತಳ್ಳುವುದು. ಪಿಸ್ಟನ್ನಿನ ಸುತ್ತಲೂ ಇರುವ ಉಂಗುರಗಳು ಎಷ್ಟೇ ಬಿಗಿಯಾಗಿದ್ದರೂ ಅನಿಲದ ಒಂದು ಸಣ್ಣ ಪಾಲು ಸಂದಿಯಿಂದ ನುಸುಳಿ, ಕ್ರ್ಯಾಂಕ್‌ಕೇಸ್ ಎಂಬ ಕೆಳಪೆಟ್ಟಿಗೆಗೆ ಇಳಿಯುವುದು. ಇದು ಹೊಸ ಎಂಜಿನಿನಲ್ಲಿಯೂ ತಪ್ಪಿದ್ದಲ್ಲ. ಹೀಗೆ ಇಳಿದ ಅನಿಲದಲ್ಲಿ ಉರಿಯದೆ ಉಳಿದ ಪೆಟ್ರೋಲಿನ ಆವಿಯೂ, ನೀರಾವಿಯೂ, ಆಮ್ಲವಾಗತಕ್ಕ ಪದಾರ್ಥಗಳೂ ಇರುವುವು. ಇವುಗಳಿಗೆ ಹೊರದಾರಿಯಿಲ್ಲದಿದ್ದರೆ ಎರಡು ವಿಧವಾದ ಹಾನಿ ಒದಗುವುದು. ನೀರೂ ಆಮ್ಲವೂ ಎಣ್ಣೆಯೊಡನೆ ಬೆರೆತು ಅದನ್ನು ಕೆಸರಿನಂತೆ ಮಂದವಾಗಿಸುವುದು ಒಂದು. ಒಳಗಿನ ಒತ್ತಡವು ಏರಿ, ಸೀಲು ಗ್ಯಾಸ್ಕೆಟ್ಟುಗಳ ಸಂದಿಯಿಂದ ಎಣ್ಣೆಯನ್ನು ಹೊರಕ್ಕೆ ದೂಡುವುದು ಇನ್ನೊಂದು.

ಮೊದಮೊದಲಿನ ಮೋಟಾರು ಗಾಡಿಗಳಲ್ಲಿ ಕೆಳಪೆಟ್ಟಿಗೆಯಿಂದ ನೆಲದ ಕಡೆಗೆ ಒಂದು ತೆರೆದ ಕೊಳವೆಯನ್ನು ಇಳಿಬಿಡುತ್ತಿದ್ದರು. ಗಾಡಿ ಓಡುವಾಗ ಬೀಸುವ ಗಾಳಿಯು ಹೊಗೆಯನ್ನು ಸೆಳೆದುಕೊಂಡು ಹೋಗುತ್ತಿತ್ತು; ಗಾಡಿ ನಿಂತಾಗ ಸೆಳೆತವೂ ನಿಲ್ಲುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ವಾಹನಗಳು ಹೊಳೆಹಳ್ಳಗಳನ್ನು ಹಾಯಬೇಕಾಗಿ ಬಂದಾಗ ಈ ತೆರೆದ ಕೊಳವೆಯು ನೀರಿಗೆ ದಾರಿ ಮಾಡುವಂತಾಯಿತು. ಆದುದರಿಂದ ಹೊಗೆಯನ್ನು ಹೊರಕ್ಕೆ ಬಿಡದೆ, ವಾಲ್ವಿನ ಮೂಲಕ ಎಂಜಿನಿನ ಒಳಗಾಳಿಯ ಕೊಳವೆಗೇ ಸೇರಿಸಿ ಉರಿಸಿಬಿಡುವ ಏರ್ಪಾಡು ಬಳಕೆಗೆ ಬಂದಿತು. ಆ ಯುದ್ಧದ ವಿಲ್ಲೀಸ್ ಜೀಪಿನಲ್ಲಿ ಇಂತಹ ವಾಲ್ವು ಇದ್ದಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯವರು ಬೊಂಬಾಯಿಯಲ್ಲಿ ಜೋಡಿಸತೊಡಗಿ, ಮುಂದೆ ನಮ್ಮ ದೇಶದ ಎಷ್ಟೋ ಹಳ್ಳಿಗಳ ಹಾದಿ ಕಂಡ ಜೀಪು ಅದೇ ವಂಶದ್ದು.

ಈ ವಾಲ್ವು ಎಲ್ಲ ಕಾರುಗಳಿಗೂ ಬರಲು ಕಾರಣವಾದ ಕಥೆಯಲ್ಲಿ ವ್ಯವಸಾಯಕ್ಕೂ ಪಾಲುಂಟು. ಅಮೆರಿಕದ ಲಾಸ್ ಏಂಜಲೀಸ್ ನಗರದ ಸುತ್ತಣ ತೋಟಗಳಲ್ಲಿ 1940ರ ದಶಕದಲ್ಲಿ ಸೊಪ್ಪುತರಕಾರಿಗಳ ಎಲೆ ಕಲೆಗಟ್ಟಿ ಒಣಗತೊಡಗಿತು. ಇದು ರೋಗವೂ ಅಲ್ಲ, ಕೀಟವೂ ಅಲ್ಲ. ಅನಾನಸಿನ ಪರಿಮಳವನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ ಹಾಗನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು ಈ ವಿಷಯವನ್ನು ಕೈಗೆತ್ತಿಕೊಂಡರು. ಮೋಟಾರು ಮೊದಲಾದುವುಗಳಿಂದ ಹೊರಡುವ ಪೆಟ್ರೋಲಿನ ಆವಿಯೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಸೇರಿ ಓಜೋನ್ ಮುಂತಾದ ಕಟುವಾದ ಅನಿಲಗಳಾಗುವುವೆಂದೂ, ಪಾಲಕ್ ಮೊದಲಾದ ಬೆಳೆಗಳಿಗೆ ಹಾನಿ ತಟ್ಟುವುದು ಇವುಗಳಿಂದಲೇ ಎಂದೂ 1952ರ ವೇಳೆಗೆ ಅವರು ತೋರಿಸಿಕೊಟ್ಟರು. ಆ ಕಾಲದ ಕಾರು ಹೊರಬಿಡುತ್ತಿದ್ದ ಇಂತಹ ಆವಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕೆಳಪೆಟ್ಟಿಗೆಯ ತೆರೆದ ಕೊಳವೆಯಿಂದಲೇ ಬರುತ್ತಿದ್ದಿತು. ಆದಕಾರಣ 1961ರಲ್ಲಿ ಕ್ಯಾಲಿಫೋರ್ನಿಯದ ಹೊಸ ಕಾರುಗಳಿಗೂ, 1963ರಲ್ಲಿ ಅಮೆರಿಕದ ಉಳಿದೆಡೆಯ ಕಾರುಗಳಿಗೂ ಈ ವಾಲ್ವಿನ ಏರ್ಪಾಡು ಬಂದಿತು. ಕಾರುಗಳಿಂದ ಗಾಳಿ ಕೆಡದಂತೆ ತಡೆಯಲು ಮಾಡಿದ ಪ್ರಯತ್ನಗಳಲ್ಲಿ ಇದು ಮೊದಲನೆಯದೆಂದು ಹೇಳಬಹುದು.

ವಾಲ್ವಿನ ಒಳಗೆ ಒಂದು ಸ್ಪ್ರಿಂಗೂ, ಅದಕ್ಕೆ ಒರಗಿದ ಒಂದು ಸಣ್ಣ ಬೆಣೆಯೂ ಇರುವುವು. ಗಾಡಿ ನಿಂತಿದ್ದು ಎಂಜಿನು ನಿಧಾನವಾಗಿ ತಿರುಗುತ್ತಿರುವಾಗ ಒಳಗಾಳಿಯ ಕೊಳವೆಯ ಸೆಳೆತವು ಬಲವಾಗಿರುವುದು. ಆಗ ಬೆಣೆಯು ಮುಂದಕ್ಕೆ ಎಳೆಯಲ್ಪಟ್ಟು ದಾರಿಯನ್ನು ಕಿರಿದಾಗಿಸುವುದು. ಭಾರ ಹೊತ್ತು ದಿಣ್ಣೆ ಏರುವಾಗ ಸೆಳೆತವು ಕಡಮೆಯಾಗಿ, ಸ್ಪ್ರಿಂಗು ಬೆಣೆಯನ್ನು ಹಿಂದಕ್ಕೆ ದೂಡಿ ದಾರಿಯನ್ನು ಅಗಲ ಮಾಡುವುದು. ಕೆರೆಯ ತೂಬಿನವನು ಹೊಲದ ಅಗತ್ಯವನ್ನರಿತು ತೂಬನ್ನು ಏರಿಸಿ ಇಳಿಸುವಂತೆ ಈ ಬೆಣೆಯು ದುಡಿಯುವುದು. ಕೆಸರು ಕಟ್ಟಿ ಅದು ಅಂಟಿಕೊಂಡರೆ ಮಾತ್ರ ಕೆಲಸ ಕೆಡುವುದು.

ಹಳ್ಳಿಯ ಗಾಡಿಗಳಲ್ಲಿ ಹೀಗೆ ಅಂಟಿಕೊಳ್ಳಲು ವಿಶೇಷ ಕಾರಣವಿದೆ. ಮನೆಯಿಂದ ತೋಟಕ್ಕೆ ಒಂದು ಮೈಲಿ, ಡೈರಿಗೆ ಅರ್ಧ ಮೈಲಿ, ಸೊಸೈಟಿಗೆ ಎರಡು ಮೈಲಿ. ಹೀಗೆ ಸಣ್ಣ ಓಟಗಳಲ್ಲೇ ದಿನ ಕಳೆಯುವ ಎಂಜಿನು ಪೂರ್ತಿಯಾಗಿ ಕಾಯುವುದೇ ಇಲ್ಲ. ಕಾಯದ ಎಂಜಿನಿನಲ್ಲಿ ನೀರಾವಿಯು ಹೊರಬೀಳದೆ ಎಣ್ಣೆಯಲ್ಲಿಯೇ ತಂಗುವುದು. ಮಲೆನಾಡಿನ ಮಳೆಗಾಲದ ಚಳಿಯಲ್ಲಿ ಇದು ಇನ್ನೂ ಹೆಚ್ಚು. ಗಾಡಿ ಹೆಚ್ಚು ದೂರ ಓಡಿಲ್ಲವಾದುದರಿಂದ ಎಂಜಿನು ಹೊಸದರಂತೆಯೇ ಇರುವುದೆಂಬ ಭಾವನೆ ಸರಿಯಲ್ಲ. ದೂರದ ದಾರಿ ಓಡುವ ಗಾಡಿಗಿಂತ ಊರೊಳಗೆ ಸುತ್ತುವ ಗಾಡಿಗೇ ಈ ವಾಲ್ವಿನ ಆರೈಕೆ ಹೆಚ್ಚು ಬೇಕು.

ವಾಲ್ವು ಇರುವ ಸ್ಥಳ

ಗಾಡಿಯೊಡನೆ ಬಂದ ಕೈಪಿಡಿಯನ್ನು ಮೊದಲು ತೆರೆದು ನೋಡುವುದು ಉತ್ತಮ. ಅದು ದೊರೆಯದ ಪಕ್ಷದಲ್ಲಿ ಹೀಗೆ ಹುಡುಕಬಹುದು. ಎಣ್ಣೆ ಹೊಯ್ಯುವ ಮುಚ್ಚಳವು ಎಂಜಿನಿನ ನೆತ್ತಿಯ ಕವಚದ ಮೇಲಿರುವುದು. ಆ ಕವಚದಿಂದ ಬೆರಳು ಗಾತ್ರದ ರಬ್ಬರು ಕೊಳವೆಗಳು ಸಾಮಾನ್ಯವಾಗಿ ಎರಡು ಹೊರಡುವುವು. ಒಂದು ಗಾಳಿಯನ್ನು ಶೋಧಿಸುವ ಏರ್ ಕ್ಲೀನರಿನ ಕಡೆಗೆ ಹೋಗುವುದು. ಇದು ಶುದ್ಧಗಾಳಿ ಒಳಕ್ಕೆ ಬರುವ ದಾರಿ. ಇನ್ನೊಂದು ಥ್ರಾಟಲ್ ಎಂಬ ಗಾಳಿಯ ಬಾಗಿಲನ್ನು ದಾಟಿದ ಮೇಲಿರುವ ಒಳಗಾಳಿಯ ಕೊಳವೆಗೆ ಸೇರುವುದು. ವಾಲ್ವು ಇರುವುದು ಈ ಎರಡನೆಯ ದಾರಿಯಲ್ಲಿ. ಅದು ಕವಚದ ರಬ್ಬರು ಬಳೆಯಲ್ಲಿ ನಾಟಿರಬಹುದು, ತಿರುಪಿನಿಂದ ಕೂಡಿಸಿರಬಹುದು, ಅಥವಾ ಕೊಳವೆಯ ನಡುವೆಯೇ ಸಿಕ್ಕಿಸಿರಬಹುದು. ಕೆಲವು ಎಂಜಿನುಗಳಲ್ಲಿ ಅದು ಒಳಗಾಳಿಯ ಕೊಳವೆಯ ಕೆಳಗೆ, ಎಂಜಿನಿನ ಪಕ್ಕದಲ್ಲಿ ಅಡಗಿರುವುದರಿಂದ ಮೇಲಿನಿಂದ ನೋಡಿದರೆ ಕಾಣದು. ಇತ್ತೀಚಿನ ಹಲವು ಕಾರುಗಳಲ್ಲಿ ಬೇರೆ ವಾಲ್ವು ಇಲ್ಲದೆ, ಕವಚದೊಳಗೇ ತೆಳುವಾದ ರಬ್ಬರಿನ ಪೊರೆಯೊಂದು ಈ ಕೆಲಸವನ್ನು ಮಾಡುವುದು. ಅಂತಹ ಎಂಜಿನನ್ನು ಮನೆಯಲ್ಲಿ ಬಿಚ್ಚಬಾರದು. ಆದರೆ ಕೊಳವೆಗಳನ್ನೂ ಮುಚ್ಚಳವನ್ನೂ ನೋಡಲು ಅಡ್ಡಿಯಿಲ್ಲ.

ಪರೀಕ್ಷಿಸುವ ಕ್ರಮ

ಪರೀಕ್ಷೆಯನ್ನು ಬಯಲಿನಲ್ಲಿಯೇ ನಡೆಸತಕ್ಕದ್ದು. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನನ್ನು ಓಡಿಸುವುದು ಪ್ರಾಣಾಪಾಯಕರ. ಹೆಗಲ ಮೇಲಿನ ವಲ್ಲಿ, ಪಂಚೆಯ ಚುಂಗು ಮುಂತಾದುವು ಬೆಲ್ಟಿಗೂ ಫ್ಯಾನಿಗೂ ಸಿಕ್ಕದಂತೆ ಕಟ್ಟಿಕೊಳ್ಳಬೇಕು. ಹತ್ತಿರದಲ್ಲಿ ಬೀಡಿ ಸೇದಬಾರದು.

ಮೊದಲನೆಯದಾಗಿ, ಎಂಜಿನು ನಿಂತು ಆರಿರುವಾಗ ಎಣ್ಣೆಯ ಮುಚ್ಚಳವನ್ನು ತೆಗೆದು ಅದರ ಒಳಮೈ ನೋಡಬೇಕು. ಹಾಲು ಬೆರೆತ ಕಾಫಿಯ ಬಣ್ಣದ ನೊರೆ ಅಂಟಿದ್ದರೆ ಎಣ್ಣೆಯಲ್ಲಿ ನೀರು ತಂಗಿದೆಯೆಂದು ತಿಳಿಯಬೇಕು. ಸಣ್ಣ ಓಟಗಳಿಂದಲೂ ಇದು ಬರುವುದು. ವಾಲ್ವು ಕಟ್ಟಿದ್ದರೂ ಬರುವುದು. ಆದರೆ ತಂಪುನೀರು ಸಹ ಕಡಮೆಯಾಗುತ್ತಿದ್ದರೆ ಬೇರೆ ದೋಷವಿರಬಹುದಾದುದರಿಂದ ತಡಮಾಡದೆ ಬಲ್ಲವರಿಗೆ ತೋರಿಸಬೇಕು.

ಎರಡನೆಯದಾಗಿ, ಕೊಳವೆಗಳನ್ನು ಬೆರಳಿನಿಂದ ಅಮುಕಿ ನೋಡಬೇಕು. ಒಣಗಿ ಬಿರಿದಿರುವ, ಮೆತ್ತಗಾಗಿ ಒಳಕ್ಕೆ ಕುಸಿದಿರುವ, ಇಲಿ ಕಚ್ಚಿರುವ ಕೊಳವೆಗಳನ್ನು ಬದಲಿಸಬೇಕು. ವಾಲ್ವು ಚೆನ್ನಾಗಿದ್ದು ಕೊಳವೆ ಹಾಳಾಗಿದ್ದರೂ ಫಲ ಒಂದೇ.

ಮೂರನೆಯದಾಗಿ, ವಾಲ್ವನ್ನು ಕವಚದಿಂದ ಮೆಲ್ಲನೆ ಎಳೆದು, ಕೊಳವೆಗೆ ಸೇರಿದಂತೆಯೇ ಬಿಟ್ಟು, ಎಂಜಿನನ್ನು ಪ್ರಾರಂಭಿಸಿ ವಾಲ್ವಿನ ಬಾಯಿಗೆ ಬೆರಳಿಡಬೇಕು. ಬೆರಳನ್ನು ಸೆಳೆಯುವಂತಿದ್ದರೆ ದಾರಿ ತೆರೆದಿದೆ. ಸೆಳೆತವೇ ಇಲ್ಲದಿದ್ದರೆ ವಾಲ್ವಾಗಲಿ ಕೊಳವೆಯಾಗಲಿ ಕಟ್ಟಿದೆಯೆಂದರ್ಥ. ಬೆರಳಿನಿಂದ ಮುಚ್ಚಿದಾಗ ಹಳೆಯ ಕಾರ್ಬುರೇಟರ್ ಎಂಜಿನಿನ ವೇಗವು ಸ್ವಲ್ಪ ಇಳಿಯುವುದು. ವಿದ್ಯುನ್ಮಾನದ ಹತೋಟಿಯಿರುವ ಎಂಜಿನು ತನ್ನ ವೇಗವನ್ನು ತಾನೇ ಸರಿಮಾಡಿಕೊಳ್ಳುವುದರಿಂದ ಅದರಲ್ಲಿ ವ್ಯತ್ಯಾಸವು ಅಷ್ಟಾಗಿ ತಿಳಿಯದು.

ನಾಲ್ಕನೆಯದಾಗಿ, ಎಂಜಿನನ್ನು ನಿಲ್ಲಿಸಿ, ವಾಲ್ವನ್ನು ಬಿಡಿಸಿ ಕಿವಿಯ ಬಳಿ ಅಲ್ಲಾಡಿಸಬೇಕು. ಒಣಗಿದ ಕಾಯಿಯಲ್ಲಿ ಬೀಜ ಆಡುವಂತೆ ಬೆಣೆಯು ಸದ್ದು ಮಾಡಬೇಕು. ಸದ್ದಿಲ್ಲದಿದ್ದರೆ ಅದು ಅಂಟಿಕೊಂಡಿದೆಯೆಂದು ಭಾವಿಸಬಹುದು. ಸದ್ದು ಬಂದ ಮಾತ್ರಕ್ಕೆ ವಾಲ್ವು ಪೂರ್ತಿ ಚೆನ್ನಾಗಿದೆಯೆಂದು ಹೇಳುವಂತಿಲ್ಲ, ಸ್ಪ್ರಿಂಗು ಸೋತಿರಬಹುದು. ಬಿಡಿಸಿದಾಗ ಯಾವ ತುದಿ ಯಾವ ಕಡೆಗಿತ್ತೆಂಬುದನ್ನು ಗುರುತಿಟ್ಟುಕೊಳ್ಳಬೇಕು. ತಿರುವುಮುರುವಾಗಿ ಹಾಕಿದ ವಾಲ್ವು ದಾರಿಯನ್ನೇ ಮುಚ್ಚುವುದು.

ಐದನೆಯದಾಗಿ, ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಎಂಜಿನು ನಿಧಾನವಾಗಿ ತಿರುಗುತ್ತಿರುವಾಗ ಎಣ್ಣೆಯ ಮುಚ್ಚಳ ತೆಗೆದು ಅಲ್ಲಿ ಒಂದು ದಪ್ಪ ಕಾಗದವನ್ನು ಇಡಬೇಕು. ಸ್ವಲ್ಪ ಹೊತ್ತಿನಲ್ಲಿ ಕಾಗದವು ಮೆಲ್ಲನೆ ಒಳಕ್ಕೆ ಸೆಳೆಯಲ್ಪಟ್ಟರೆ ಕ್ರಮ ಸರಿಯಾಗಿದೆ. ಕಾಗದವು ಮೇಲಕ್ಕೆ ಹಾರಿದರೆ ಒಳಗೆ ಒತ್ತಡವಿದೆ. ಮುಚ್ಚಳ ತೆಗೆದಾಗ ಹೊಸ ಎಂಜಿನುಗಳು ಕೊಂಚ ತಡವರಿಸುವುದು ಸಹಜ. ಆದರೆ ಮುಚ್ಚಳವನ್ನು ಬಲವಾಗಿ ಕಿತ್ತು ತೆಗೆಯಬೇಕಾಗುವಷ್ಟು ಸೆಳೆತವೂ ಸಿಳ್ಳಿನ ಸದ್ದೂ ಇದ್ದರೆ ಒಳಗಿನ ಪೊರೆ ಹರಿದಿರಬಹುದು.

ವಾಲ್ವು ಕೆಟ್ಟಿದ್ದರೆ ಹೊಸದನ್ನೇ ಹಾಕುವುದು ಮೇಲು. ಅದರ ಬೆಲೆಯು ಎಂಜಿನು ಬಿಚ್ಚಿಸುವ ವೆಚ್ಚದ ಮುಂದೆ ಲೆಕ್ಕಕ್ಕೆ ಬಾರದು. ಆದರೆ ತಿರುಪು ಹೊಂದಿಕೊಂಡಿತೆಂದು ಬೇರೆ ಗಾಡಿಯ ವಾಲ್ವನ್ನು ಹಾಕಬಾರದು. ಆಯಾ ಎಂಜಿನಿಗೆ ಎಷ್ಟು ಗಾಳಿ ಹಾಯಬೇಕೋ ಅಷ್ಟಕ್ಕೆ ಅಳೆದು ಒಳದಾರಿಯನ್ನು ಮಾಡಿರುವರು. ಹೊರಗಿನ ಆಕಾರದಿಂದ ಅದು ತಿಳಿಯುವುದಿಲ್ಲ.

ಎಣ್ಣೆ ಹೋದ ದಾರಿ

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಜಮೀನುದಾರರೊಬ್ಬರ ಕಾರಿನಲ್ಲಿ ಎಣ್ಣೆಯು ತಿಂಗಳು ತಿಂಗಳಿಗೂ ಇಳಿಯುತ್ತಿದೆ. ನೆಲದ ಮೇಲೆ ತೊಟ್ಟು ಬಿದ್ದಿಲ್ಲ, ಹೊಗೆಯೂ ಅಷ್ಟಾಗಿ ಕಾಣುತ್ತಿಲ್ಲ. ಮನೆಯವರು ಡ್ರೈವರಿನ ಮುಖ ನೋಡುವರು. “ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು” ಎಂಬ ಗಾದೆಯ ಕೊನೆಯ ಮಾತನ್ನು ಯಾರಾದರೂ ಆಡುವರು. ಹತ್ತು ವರ್ಷ ದುಡಿದವನು ತಲೆ ತಗ್ಗಿಸಿ ಹೊರಡುವನು.

ಆದರೆ ವಾಲ್ವು ಮುಚ್ಚಿ ಅಂಟಿಕೊಂಡರೆ, ಒಳಗಿನ ಒತ್ತಡದಿಂದ ಎಣ್ಣೆಯ ಮಂಜು ಶುದ್ಧಗಾಳಿಯ ಕೊಳವೆಯಲ್ಲಿ ಹಿಮ್ಮುಖವಾಗಿ ನುಗ್ಗಿ ಏರ್ ಕ್ಲೀನರನ್ನು ಸೇರುವುದು. ತೆರೆದು ಅಂಟಿಕೊಂಡರೆ, ಎಣ್ಣೆಯು ಪೆಟ್ರೋಲಿನೊಡನೆ ಸೇರಿ ಉರಿದುಹೋಗುವುದು. ನಿಧಾನದ ಓಟವೂ ಏರುಪೇರಾಗುವುದು. ಎರಡರಲ್ಲಿಯೂ ಅಳತೆಕಡ್ಡಿಯ ಗುರುತು ಇಳಿಯುವುದು. ಏರ್ ಕ್ಲೀನರನ್ನು ತೆರೆದು ಎಣ್ಣೆಯ ಪಸೆ ಇದೆಯೇ ಎಂದು ನೋಡಿದ್ದರೆ ಕಳ್ಳ ಯಾರೆಂಬುದು ಎಷ್ಟೋ ವೇಳೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಆ ಗಾದೆಯಲ್ಲಿ ಮೊದಲ ಮಾತು ‘ತಾನು’ ಎಂಬುದು. ಆಳನ್ನು ಹಳಿಯುವ ಅಧಿಕಾರವು ತಾನು ನೋಡಿದವನಿಗೆ ಮಾತ್ರ ಉಂಟು.

ಉಂಗುರಗಳು ನಿಜವಾಗಿಯೂ ಸವೆದಿರುವ ಎಂಜಿನುಗಳೂ ಇರುವುವು. ವಾಲ್ವೂ ಕೊಳವೆಗಳೂ ಸರಿಯಾಗಿದ್ದು, ಆದರೂ ಎಣ್ಣೆಯ ಬಾಯಿಯಿಂದ ಹೊಗೆಯು ಬುಸುಬುಸನೆ ಬರುತ್ತಿದ್ದರೆ ಸಿಲಿಂಡರಿನ ಒತ್ತಡವನ್ನು ಅಳೆಯಿಸಿ, ಅನಂತರ ದುರಸ್ತಿಗೆ ಒಪ್ಪಿಸುವುದು ಯುಕ್ತ. ಮೊದಲು ವಾಲ್ವು, ಆಮೇಲೆ ಉಂಗುರ. ಈ ಅನುಕ್ರಮವನ್ನು ತಪ್ಪಿಸಬಾರದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದು ಜಾಣತನವಲ್ಲ.

ಕೆಲವು ಆಕ್ಷೇಪಣೆಗಳು

ಇದು ಮೆಕ್ಯಾನಿಕ್ಕರ ಕೆಲಸ, ಯಜಮಾನರದಲ್ಲ ಎಂದು ಕೆಲವರು ಹೇಳುವರು. ದುರಸ್ತಿಯು ಅವರ ಕೆಲಸವೆಂಬುದು ನಿಜ. ಆದರೆ ಕಾಗದವಿಟ್ಟು ನೋಡಲು ವಿದ್ಯೆಯೂ ಬೇಡ, ಬೆಲೆಬಾಳುವ ಉಪಕರಣವೂ ಬೇಡ. ಪರೀಕ್ಷಿಸಿ ಹೋದ ಯಜಮಾನನೊಡನೆ ಒಳ್ಳೆಯ ಮೆಕ್ಯಾನಿಕ್ಕು ಸಂತೋಷದಿಂದ ಮಾತನಾಡುವನು, ಕೆಟ್ಟವನು ಎಚ್ಚರದಿಂದಿರುವನು. ಎರಡೂ ಲಾಭವೇ.

ಎಣ್ಣೆಯನ್ನು ಆಗಾಗ್ಗೆ ಬದಲಿಸಿದರೆ ಸಾಕೆಂಬುದು ಇನ್ನೊಂದು ಅಭಿಪ್ರಾಯ. ಎಣ್ಣೆ ಬದಲಿಸುವುದು ಅವಶ್ಯಕವೇ ಸರಿ. ಆದರೆ ತೇವ ತಂಗಿದ ಕಣಜದಲ್ಲಿ ಎಷ್ಟು ಸಲ ಹೊಸ ರಾಗಿ ತುಂಬಿದರೂ ಮುಗ್ಗುವಂತೆ, ಉಸಿರು ಕಟ್ಟಿದ ಎಂಜಿನಿನಲ್ಲಿ ಹೊಸ ಎಣ್ಣೆಯೂ ಬೇಗನೆ ಕೆಡುವುದು.

ಮೂರನೆಯ ಅಭ್ಯಾಸವು ಇವೆರಡಕ್ಕಿಂತಲೂ ಕೆಟ್ಟದು. ವಾಲ್ವಿನ ದಾರಿಗೆ ಬಿರಡೆ ಜಡಿದು, ಕೊಳವೆಯನ್ನು ನೆಲದ ಕಡೆಗೆ ಇಳಿಬಿಟ್ಟರೆ ಎಂಜಿನು ಶುಚಿಯಾಗಿರುವುದೆಂದು ಅಲ್ಲಲ್ಲಿ ಹೇಳುವುದುಂಟು. ಹಾಗೆ ಮಾಡಿದಲ್ಲಿ ಹೊಗೆಯನ್ನು ಸೆಳೆಯುವ ಬಲವೇ ಇಲ್ಲದಾಗಿ ನೀರು ಎಣ್ಣೆಯಲ್ಲಿ ಉಳಿಯುವುದು. ಬೇಸಗೆಯ ಧೂಳು ತೆರೆದ ಬಾಯಿಯಿಂದ ಒಳಹೊಗುವುದು. ಪೆಟ್ರೋಲಿನ ಆವಿಯು ಊರಿನ ಗಾಳಿಗೆ ಸೇರುವುದು. ಲಾಸ್ ಏಂಜಲೀಸಿನ ಸೊಪ್ಪಿನ ಮಡಿಗಳಿಗೆ ಬಂದ ಗತಿಯನ್ನು ತಿಳಿದ ಮೇಲೂ ಬೇಸಾಯಗಾರನೊಬ್ಬನು ಇದಕ್ಕೆ ಒಪ್ಪುವುದು ಆಶ್ಚರ್ಯಕರ. ಒಂದು ಗಾಡಿಯಿಂದ ಬೆಳೆ ಹಾಳಾಗದೆಂಬ ಮಾತು ನಿಜವಾದರೂ, ಪ್ರತಿಯೊಂದು ಗಾಡಿಯೂ ಒಂದೇ ಗಾಡಿಯಲ್ಲವೆ?

ಟ್ರಾಕ್ಟರುಗಳ ವಿಷಯ

ಹೊಲಗಳಲ್ಲಿ ದುಡಿಯುವ ಅನೇಕ ಡೀಸೆಲ್ ಟ್ರಾಕ್ಟರುಗಳಲ್ಲಿ ಗಾಳಿಯ ಬಾಗಿಲು ಇಲ್ಲದಿರುವುದರಿಂದ ಸೆಳೆತವೂ ಇಲ್ಲ, ಮೇಲೆ ಹೇಳಿದ ವಾಲ್ವೂ ಇಲ್ಲ. ಅವುಗಳಲ್ಲಿ ಬ್ರೀದರ್ ಎಂಬ ತೆರೆದ ಕೊಳವೆಯೇ ಎಂಜಿನಿನ ಪಕ್ಕದಿಂದ ಕೆಳಕ್ಕೆ ಇಳಿದಿರುವುದು. ಗದ್ದೆಯ ಕೆಸರು ಅದರ ಬಾಯಿಗೆ ಮೆತ್ತಿಕೊಂಡು ಒಣಗುವುದುಂಟು. ಉಳುಮೆಯಿಲ್ಲದ ತಿಂಗಳುಗಳಲ್ಲಿ ಕುಂಬಾರ ಹುಳುವು ಅದರೊಳಗೆ ಮಣ್ಣಿನ ಗೂಡು ಕಟ್ಟುವುದೂ ಉಂಟು. ಆ ಸ್ಥಿತಿಯಲ್ಲಿ ಟ್ರಾಕ್ಟರನ್ನು ಹೂಡಿದರೆ ಸೀಲುಗಳಿಂದ ಎಣ್ಣೆ ಸೋರತೊಡಗುವುದು. ಸೀಲು ಬದಲಿಸಿದರೂ ನಿಲ್ಲುವುದಿಲ್ಲ. ಆದುದರಿಂದ ಮುಂಗಾರಿನ ಉಳುಮೆಗೆ ಮುಂಚೆ ಕೊಳವೆಯ ಬಾಯನ್ನು ನೋಡಿ ಶುಚಿಮಾಡಬೇಕು. ಜಾಲರಿಯಿದ್ದರೆ ಕೈಪಿಡಿಯಲ್ಲಿ ಹೇಳಿದಂತೆ ತೊಳೆದು ಹಾಕಬೇಕು. ಧೂಳು ಹೋಗಬಾರದೆಂದು ಅದಕ್ಕೆ ಬಟ್ಟೆ ಬಿಗಿಯುವುದು ಸಲ್ಲದು.

ಮಾಡತಕ್ಕದ್ದು

ಆಯುಧಪೂಜೆಯ ದಿನ ಗಾಡಿಗಳನ್ನು ತೊಳೆದು, ಕುಂಕುಮವಿಟ್ಟು, ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣನ್ನಿಡುವ ಪದ್ಧತಿಯು ಊರೂರಿನಲ್ಲಿ ಇರುವುದು. ಹಿಂದಿನ ದಿನ ಬಾನೆಟ್ಟನ್ನು ಎತ್ತಿ, ಉಸಿರು-ವಾಲ್ವನ್ನೂ ಕೊಳವೆಗಳನ್ನೂ ನೋಡಿ, ಡ್ರೈವರನ್ನೂ ಮನೆಯ ಹುಡುಗರನ್ನೂ ಜೊತೆಗೆ ನಿಲ್ಲಿಸಿಕೊಂಡು ತೋರಿಸುವ ಪದ್ಧತಿಯು ಇದರೊಡನೆ ಸೇರಿದರೆ ಪೂಜೆಯು ಪೂರ್ಣವಾಗುವುದು. ಮುಂಗಾರಿಗೆ ಮೊದಲು ಇನ್ನೊಮ್ಮೆ ನೋಡಿದರೆ ವರ್ಷಕ್ಕೆ ಎರಡು ಬಾರಿಯಾಯಿತು. ಎಣ್ಣೆ ಹಾಕಿದ ತಾರೀಖು, ಹಾಕಿದ ಪ್ರಮಾಣ, ವಾಲ್ವು ನೋಡಿದ ತಾರೀಖು ಇವುಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಬರೆದ ಲೆಕ್ಕವಿದ್ದಲ್ಲಿ ಸಂಶಯಕ್ಕೆ ಎಡೆ ಕಡಮೆ.

ಗ್ರಾಮದ ಮುಖ್ಯಸ್ಥರು ಈ ವಿಷಯದಲ್ಲಿ ಮೊದಲು ಹೆಜ್ಜೆ ಇಟ್ಟರೆ ಉಳಿದವರು ಅನುಸರಿಸುವರು. ಎತ್ತಿನ ಉಸಿರನ್ನು ಕೇಳಿ ಅದರ ಕಾಯಿಲೆಯನ್ನು ಹೇಳಬಲ್ಲ ಹಿರಿಯರಿಗೆ ಎಂಜಿನಿನ ಉಸಿರನ್ನು ತಿಳಿಯುವುದು ಕಷ್ಟವಲ್ಲ. ಒಂದು ಕಾಗದದ ಚೂರು, ಒಂದು ಬೆರಳು, ಕಾಲು ಗಂಟೆಯ ತಾಳ್ಮೆ. ಇವಿಷ್ಟು ಇದ್ದರೆ ಎಂಜಿನೂ ಉಳಿಯುವುದು, ನಿರಪರಾಧಿಯಾದ ಮನುಷ್ಯನ ಹೆಸರೂ ಉಳಿಯುವುದು.